ಹೊಟ್ಟೆಯ ಸುತ್ತಳತೆ, ಎದೆಯ ಲೆಕ್ಕ

ಹೆಬ್ಬಾಳದ ಹಳೆಯ ಊರಿನೊಳಗೆ, ಬಳ್ಳಾರಿ ರಸ್ತೆಯ ಸದ್ದು ಸ್ವಲ್ಪ ತಗ್ಗುವ ಗಲ್ಲಿಯೊಂದರಲ್ಲಿ, ನಾನು ಬಹಳ ವರ್ಷಗಳಿಂದ ಬಟ್ಟೆ ಹೊಲಿಸುವ ಟೈಲರ್ ಅಂಗಡಿಯಿದೆ. ಪ್ಯಾಂಟಿನ ಅಳತೆ ತೆಗೆಯುವ ಮುಂಚೆ ಅವರು ಗಂಡಸರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ‘ಬೆಲ್ಟು ಹೊಟ್ಟೆ ಮೇಲೆ ಹಾಕ್ತೀರೋ, ಕೆಳಗೆ ಹಾಕ್ತೀರೋ ಸಾರ್?’ ನಲವತ್ತು ದಾಟಿದವರು ಹೆಚ್ಚಾಗಿ ‘ಕೆಳಗೇ’ ಎನ್ನುತ್ತಾರೆ. ಟೇಪು ಹೊಟ್ಟೆಯ ಅಡಿಗೆ ಜಾರುತ್ತದೆ. ಅಂಚು ಸವೆದ ನೋಟ್‌ಬುಕ್ಕಿನಲ್ಲಿ 36 ಎಂದು ಬರೆದುಕೊಳ್ಳುತ್ತಾರೆ. ಹೋದ ದೀಪಾವಳಿಗೆ ಮುಂಚೆ ಹೋದಾಗ, ಹೊಕ್ಕುಳಿಗಿಂತ ತುಸು ಮೇಲೆ ಇನ್ನೊಂದು ಸಲ ಟೇಪು ಹಿಡಿಯಿರಿ ಎಂದು ಕೇಳಿಕೊಂಡೆ. ‘ಉಸಿರು ಬಿಡಿ, ಒಳಗೆ ಎಳ್ಕೋಬೇಡಿ’ ಎಂದರು. ಬಂದದ್ದು ನಲವತ್ತು.

ಪ್ಯಾಂಟಿಗೆ 36, ಹೊಟ್ಟೆಗೆ 40. ನಡುವಿನ ಆ ನಾಲ್ಕು ಇಂಚು ನಮ್ಮ ಯಾವ ದಾಖಲೆಯಲ್ಲೂ ಇರುವುದಿಲ್ಲ. ವರ್ಷಕ್ಕೊಮ್ಮೆ ಮಾಡಿಸುವ ‘ಫುಲ್ ಬಾಡಿ ಚೆಕಪ್’ನ ಹಾಳೆಗಳಲ್ಲೂ ಅದನ್ನು ನಾನು ಕಂಡದ್ದು ಅಪರೂಪ. ಆದರೆ ಇದೇ ಬೆಂಗಳೂರಿನ ವೈದ್ಯರ ತಂಡವೊಂದು ಸುಮಾರು ಮೂವತ್ತು ವರ್ಷಗಳ ಹಿಂದೆ, ಹೃದಯಾಘಾತವಾದವರನ್ನು ಒಬ್ಬೊಬ್ಬರನ್ನಾಗಿ ಅಳೆದು, ತೂಗಿ, ರಕ್ತ ಪರೀಕ್ಷಿಸಿ ನೋಡಿದಾಗ ಎದ್ದು ಕಂಡ ಅಪಾಯಗಳಲ್ಲಿ ಈ ಇಂಚುಗಳೂ ಒಂದು.

1996ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಆ ಅಧ್ಯಯನ ಪ್ರಕಟವಾಯಿತು. ನಡೆಸಿದವರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪಾಯ್ಸ್ ಮತ್ತು ಸಂಗಡಿಗರು. ಜೊತೆಗಿದ್ದವರಲ್ಲಿ ಒಬ್ಬರು ಡಾ. ಸಲೀಂ ಯೂಸುಫ್: ಕೇರಳದ ಹುಡುಗ, ಸೇಂಟ್ ಜಾನ್ಸ್‌ನಲ್ಲೇ ಎಂಬಿಬಿಎಸ್ ಮುಗಿಸಿ, ಆಕ್ಸ್‌ಫರ್ಡಿಗೆ ಹೋಗಿ, ಮುಂದೆ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನೆಲೆ ನಿಂತ ಹೃದ್ರೋಗ ತಜ್ಞ. ಅಧ್ಯಯನದ ವಿಧಾನ ಸರಳ. ಮೊದಲ ಬಾರಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ 200 ಜನ ಒಂದು ಕಡೆ. ಅದೇ ವಯಸ್ಸಿನ, ಆದರೆ ಹೃದಯಾಘಾತವಾಗದ 200 ಜನ ಇನ್ನೊಂದು ಕಡೆ. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು ಜೋಡಿ. ಇವರಲ್ಲಿಲ್ಲದ್ದು ಅವರಲ್ಲಿ ಏನಿತ್ತು ಎಂದು ಹುಡುಕುವುದು.

ಮೊದಲು ಸಿಕ್ಕಿದ್ದು ಹೊಗೆ. ಬೀಡಿಯೋ ಸಿಗರೇಟೋ, ಸೇದುವವರಿಗೆ ಹೃದಯಾಘಾತದ ಸಾಧ್ಯತೆ ಸುಮಾರು 3.6 ಪಟ್ಟು; ದಿನಕ್ಕೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಸೇದುವವರಿಗೆ 6.7 ಪಟ್ಟು. ಬಿಪಿ ಇದ್ದವರಿಗೂ ಸಕ್ಕರೆ ಕಾಯಿಲೆ ಇದ್ದವರಿಗೂ ಎರಡೂವರೆ ಪಟ್ಟಿಗಿಂತ ಹೆಚ್ಚು. ಇದರಲ್ಲಿ ಅಚ್ಚರಿಯೇನೂ ಇರಲಿಲ್ಲ. ಅಚ್ಚರಿಯಿದ್ದದ್ದು ಮುಂದಿನ ಎರಡು ಮಾತಿನಲ್ಲಿ. ಖಾಲಿ ಹೊಟ್ಟೆಯ ಸಕ್ಕರೆ ಮಟ್ಟ ಏರುತ್ತಾ ಹೋದಂತೆ ಅಪಾಯವೂ ಏರುತ್ತಿತ್ತು. ಆ ಏರಿಕೆ ‘ನಾರ್ಮಲ್’ ಎಂದು ಬರೆದುಕೊಡುವ ಅಂಕಿಗಳ ಒಳಗೇ ಶುರುವಾಗಿತ್ತು. ಸೊಂಟ ಮತ್ತು ಪೃಷ್ಠದ ಸುತ್ತಳತೆಗಳ ಅನುಪಾತವೂ ಹಾಗೆಯೇ. ಇಲ್ಲಿಂದ ಮುಂದೆ ಮಾತ್ರ ಅಪಾಯ ಎಂದು ಗೆರೆ ಎಳೆಯುವ ಜಾಗವೇ ಸಿಗಲಿಲ್ಲ. ಸೇದುವ ಚಟವೂ ಏರಿದ ಸಕ್ಕರೆಯೂ ಒಬ್ಬರಲ್ಲೇ ಸೇರಿದ್ದರೆ, ಯಾವ ಅಪಾಯವೂ ಇಲ್ಲದವರಿಗೆ ಹೋಲಿಸಿದಾಗ 10.6 ಪಟ್ಟು.

ಆ ಅಧ್ಯಯನದಲ್ಲಿ ಕೊಲೆಸ್ಟರಾಲ್‌ಗೂ ಹೃದಯಾಘಾತಕ್ಕೂ ನಂಟು ಕಾಣಲಿಲ್ಲ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು ಎಂಬ ಕಾರಣಕ್ಕೆ ಎರಡು ಮಾತು ಹೇಳಬೇಕು. 200 ಜೋಡಿಗಳ ಅಧ್ಯಯನ ಚಿಕ್ಕದು; ಹೃದಯಾಘಾತವಾದ ಮೇಲೆ ರಕ್ತದ ಕೊಲೆಸ್ಟರಾಲ್ ತಾನಾಗಿ ಇಳಿಯುವುದೂ ಉಂಟು. ಡಾ. ಯೂಸುಫ್ ಅವರೇ ಮುಂದಾಳಾಗಿ 52 ದೇಶಗಳಲ್ಲಿ ನಡೆಸಿದ ‘ಇಂಟರ್‌ಹಾರ್ಟ್’ ಎಂಬ ದೊಡ್ಡ ಅಧ್ಯಯನ 2004ರಲ್ಲಿ ಹೊರಬಂದಾಗ, ಕೆಟ್ಟ ಕೊಬ್ಬನ್ನು ಹೊರುವ ಕಣಗಳು ಮತ್ತು ಒಳ್ಳೆಯ ಕೊಬ್ಬನ್ನು ಹೊರುವ ಕಣಗಳ ಅನುಪಾತವೇ ಅಪಾಯಗಳ ಪಟ್ಟಿಯಲ್ಲಿ ಮೇಲಿತ್ತು. ಹೊಗೆ ಅದರ ಪಕ್ಕದಲ್ಲೇ ಇತ್ತು. ಸಕ್ಕರೆ ಕಾಯಿಲೆ, ಬಿಪಿ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು, ಮದ್ಯದ ಲೆಕ್ಕ, ಎಲ್ಲ ಸೇರಿ ಒಂಬತ್ತು ಸಂಗತಿಗಳು ಜಗತ್ತಿನ ಮೊದಲ ಹೃದಯಾಘಾತಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟನ್ನು ವಿವರಿಸುತ್ತವೆ ಎಂದು ಅದು ಹೇಳಿತು. ಹಣೆಬರಹ ಎಂದು ನಾವು ಕೈಚೆಲ್ಲುವ ಕಾಯಿಲೆಯಲ್ಲಿ ಹಣೆಬರಹಕ್ಕೆ ಉಳಿಯುವ ಪಾಲು ಅಷ್ಟು ಸಣ್ಣದು.

ಇದೇ ಅಧ್ಯಯನದ ದಕ್ಷಿಣ ಏಷ್ಯಾದ ಲೆಕ್ಕ 2007ರಲ್ಲಿ ಬೇರೆಯಾಗಿ ಬಂತು. ನಮ್ಮ ಭಾಗದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53. ಉಳಿದ ಜಗತ್ತಿನಲ್ಲಿ 58.8. ಸುಮಾರು ಆರು ವರ್ಷ ಮೊದಲು. ಮಕ್ಕಳ ಓದು ಮುಗಿದಿರುವುದಿಲ್ಲ, ಮನೆಸಾಲ ತೀರಿರುವುದಿಲ್ಲ, ಆ ಹೊತ್ತಿಗೆ. ನಮ್ಮ ರಕ್ತದಲ್ಲಿ ಏನೋ ಬೇರೆ ಇದೆ ಎಂದು ಬಹಳ ಕಾಲ ಹೇಳಲಾಗುತ್ತಿತ್ತು. ಲೆಕ್ಕ ತೋರಿಸಿದ್ದೇ ಬೇರೆ: ಅವೇ ಒಂಬತ್ತು ಅಪಾಯಗಳು, ನಮ್ಮಲ್ಲಿ ಬೇಗ ಬಂದು ಕೂತಿದ್ದವು ಅಷ್ಟೆ. ಬಿಡುವಿನ ವೇಳೆಯಲ್ಲಿ ವ್ಯಾಯಾಮ ಮಾಡುವವರು ಇಲ್ಲಿ ನೂರಕ್ಕೆ ಆರು. ಉಳಿದೆಡೆ ಇಪ್ಪತ್ತೊಂದಕ್ಕೂ ಹೆಚ್ಚು.

ಈಗ ಹೊಟ್ಟೆಗೆ ಮರಳುತ್ತೇನೆ. ಹೊಟ್ಟೆಯ ಬೊಜ್ಜಿಗೂ ಎದೆಯ ರಕ್ತನಾಳಕ್ಕೂ ಏನು ಸಂಬಂಧ?

ಕೊಬ್ಬಿನಲ್ಲಿ ಎರಡು ಬಗೆ. ಚರ್ಮದ ಅಡಿಯಲ್ಲಿ, ಬೆರಳಿಗೆ ಸಿಗುವಂತೆ ಮೆತ್ತಗಿರುವುದು ಒಂದು. ಕರುಳಿನ ಸುತ್ತ, ಲಿವರ್ ಒಳಗೆ ಸೇರಿಕೊಂಡು ಹೊಟ್ಟೆಯನ್ನು ಮಡಕೆಯಂತೆ ಗಟ್ಟಿಯಾಗಿ ಮುಂದೆ ತಳ್ಳುವುದು ಇನ್ನೊಂದು. ಮೊದಲನೆಯದು ಹೆಚ್ಚೂಕಮ್ಮಿ ಗೋದಾಮು, ಸುಮ್ಮನೆ ಬಿದ್ದಿರುತ್ತದೆ. ಎರಡನೆಯದು ಹಗಲಿರುಳು ಕೆಲಸ ಮಾಡುವ ಕಾರ್ಖಾನೆ. ಅಲ್ಲಿಂದ ಬಿಡುಗಡೆಯಾಗುವ ಕೊಬ್ಬಿನ ಆಮ್ಲಗಳು ನೇರ ಲಿವರಿಗೆ ಹರಿಯುತ್ತವೆ. ಲಿವರ್ ಅದನ್ನೆಲ್ಲ ಟ್ರೈಗ್ಲಿಸರೈಡ್ ಆಗಿ ಕಟ್ಟಿ ರಕ್ತಕ್ಕೆ ದಬ್ಬುತ್ತದೆ. ಇನ್ಸುಲಿನ್ ಮಾತನ್ನು ಲಿವರೂ ಮಾಂಸಖಂಡಗಳೂ ಕೇಳದಂತಾಗುತ್ತವೆ. ಒಂದು ಕೂಗಿಗೆ ಓಗೊಡದವರನ್ನು ನಾಲ್ಕು ಸಲ ಕೂಗುವಂತೆ ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಸಕ್ಕರೆಯ ಅಂಕಿ ವರ್ಷಗಟ್ಟಲೆ ‘ನಾರ್ಮಲ್’ ಆಗಿಯೇ ಇರುತ್ತದೆ, ಏಕೆಂದರೆ ಅದನ್ನು ಅಲ್ಲಿ ಹಿಡಿದಿಡಲು ಒಳಗೆ ದೇಹ ಅಷ್ಟು ಒದ್ದಾಡುತ್ತಿರುತ್ತದೆ. ಈ ಹೊತ್ತಿಗೆ ಒಳ್ಳೆಯ ಕೊಲೆಸ್ಟರಾಲ್ ಇಳಿದಿರುತ್ತದೆ, ಕೆಟ್ಟದ್ದು ಸಣ್ಣ, ಗಟ್ಟಿ ಕಣಗಳಾಗಿ ಮಾರ್ಪಟ್ಟು ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುತ್ತಿರುತ್ತದೆ. ಅಮೆರಿಕದ ಜೆರಾಲ್ಡ್ ರೀವನ್ 1988ರಲ್ಲಿ ಇಂಥ ಏರುಪೇರುಗಳ ಗುಂಪಿಗೆ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟರು. ಈಗ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ.

‘ಬ್ಲಾಕ್’ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪಾಚಿ ಕಟ್ಟಿದ ನಲ್ಲಿ ಪೈಪು. ಆ ಚಿತ್ರದಿಂದ ಬಹಳ ಜನ ಮೋಸ ಹೋಗಿದ್ದಾರೆ. ಕೊಬ್ಬು ಕೂರುವುದು ಪೈಪಿನ ಒಳಗಲ್ಲ, ಗೋಡೆಯ ಒಳಗೆ. ಚರ್ಮದಡಿಯ ಕುರುವಿನಂತೆ, ತೆಳುವಾದ ಪೊರೆಯ ಕೆಳಗೆ. ರಕ್ತ ಹರಿಯುವ ದಾರಿ ಅರ್ಧಕ್ಕಿಂತ ಹೆಚ್ಚು ತೆರೆದೇ ಇರಬಹುದು. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಒಂದು ದಿನ ಆ ಪೊರೆ ಒಡೆಯುತ್ತದೆ. ಗಾಯವಾಯಿತೆಂದು ತಿಳಿದ ರಕ್ತ ತನ್ನ ಸ್ವಭಾವದಂತೆ ಅಲ್ಲಿ ಹೆಪ್ಪುಗಟ್ಟುತ್ತದೆ, ನಿಮಿಷಗಳಲ್ಲಿ ದಾರಿ ಮುಚ್ಚುತ್ತದೆ. ‘ನಿನ್ನೆ ಸಂಜೆವರೆಗೂ ಚೆನ್ನಾಗಿದ್ದರು’ ಎಂದು ಸಾವಿನ ಮನೆಯಲ್ಲಿ ಕೇಳಿಬರುವ ಮಾತು ಅದಕ್ಕೇ ನಿಜ. ಹೊಗೆ, ಸಕ್ಕರೆ, ಬಿಪಿ, ಇವು ಆ ಕುರುವನ್ನು ಬೆಳೆಸುವುದಷ್ಟೇ ಅಲ್ಲ, ಅದರ ಪೊರೆಯನ್ನು ತೆಳುವೂ ಮಾಡುತ್ತವೆ.

ತೆಳ್ಳಗಿದ್ದೇನೆ, ನನಗೇನು ಎನ್ನುವವರಿಗೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಒಂದು ಫೋಟೋ ತೋರಿಸಬೇಕು. 2004ರಲ್ಲಿ ಲ್ಯಾನ್ಸೆಟ್‌ನಲ್ಲೇ ಬಂದದ್ದು. ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಗೆಳೆಯ, ಸಂಶೋಧಕ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ ಒಂದೇ: 22.3. ಮೈಯಲ್ಲಿರುವ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ತೂಕದ ಮೆಷಿನ್ ಇಬ್ಬರಿಗೂ ಒಂದೇ ಮಾತು ಹೇಳುತ್ತದೆ. ಸಣ್ಣ ಕೈಕಾಲು, ತೆಳು ಭುಜ, ಅಂಗಿಯ ಮೂರನೇ ಗುಂಡಿಯ ಹತ್ತಿರ ಮಾತ್ರ ಬಿಗಿ: ನಮ್ಮ ಬಸ್ ಸ್ಟಾಪುಗಳಲ್ಲಿ ನಿಂತಿರುವ ಎಷ್ಟೋ ಜನರ ಮೈಕಟ್ಟು ಇದೇ.

ಈ ಮೈಕಟ್ಟು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರದ ಒಂದು ತುಂಡು ಮೈಸೂರಿನಲ್ಲಿ ಸಿಕ್ಕಿತು. ಅದೂ 1996ರಲ್ಲೇ, ಅದೇ ಲ್ಯಾನ್ಸೆಟ್‌ನ ನವೆಂಬರ್ ಸಂಚಿಕೆಯಲ್ಲಿ. ಒಂದೇ ವರ್ಷ ಕರ್ನಾಟಕದ ಎರಡು ಊರುಗಳಿಂದ ಹೃದಯದ ಬಗ್ಗೆ ಇಂಥ ಎರಡು ಮಾತು ಜಗತ್ತಿಗೆ ಹೋದದ್ದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಬರೆದಿಟ್ಟ ದಾದಿಯರಿಗೆ ಆ ಅಂಕಿಗಳು ಅರವತ್ತು ವರ್ಷದ ನಂತರ ಯಾವ ಪ್ರಶ್ನೆಗೆ ಉತ್ತರವಾಗುತ್ತವೆ ಎಂದು ಗೊತ್ತಿರಲು ಸಾಧ್ಯವಿರಲಿಲ್ಲ. ಸಂಶೋಧಕರು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲೇ ವಾಸವಿದ್ದ 517 ಜನರನ್ನು ಪತ್ತೆಹಚ್ಚಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗವಿತ್ತು. 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ ಮೂರು.

ಬಸಿರಿನಲ್ಲಿ ತಾಯಿಗೆ ಊಟ ಸಾಲದಾಗ ಕೂಸು ಸಿಕ್ಕಿದ್ದನ್ನು ಮೊದಲು ಮಿದುಳಿಗೆ ಕೊಡುತ್ತದೆ. ಮಾಂಸಖಂಡ, ಮೇದೋಜೀರಕಗಳಿಗೆ ಕೊರತೆಯಾಗುತ್ತದೆ ಎಂಬುದು ಈ ತಂಡದಲ್ಲಿದ್ದ ಡೇವಿಡ್ ಬಾರ್ಕರ್ ಅವರ ಪ್ರಸಿದ್ಧ ವಾದ. ಕಡಿಮೆಯಲ್ಲಿ ಬದುಕಲು ಸಿದ್ಧವಾಗಿ ಬಂದ ಮೈಗೆ ಮುಂದೆ ಕೂತಲ್ಲೇ ಕೆಲಸ, ಮೂರು ಹೊತ್ತೂ ಹೊಟ್ಟೆ ತುಂಬ ಅನ್ನ ಸಿಕ್ಕರೆ, ಹೆಚ್ಚಾದದ್ದನ್ನು ಅದು ಹೊಟ್ಟೆಯೊಳಗೆ ಕೂಡಿಡುತ್ತದೆ. ನಮ್ಮಜ್ಜಿ ಬರಗಾಲದಲ್ಲಿ ಗಂಜಿ ಕುಡಿದು ನಮ್ಮಪ್ಪನನ್ನು ಹೆತ್ತವಳು. ಈ ಅಧ್ಯಯನ ಓದಿದ ದಿನ ನನಗೆ ಅಪ್ಪನ ಸಣ್ಣ ಮಣಿಕಟ್ಟೂ ದೊಡ್ಡ ಹೊಟ್ಟೆಯೂ ಬೇರೆಯೇ ಆಗಿ ಕಂಡವು. ಅವನನ್ನು ತಿಂಡಿಪೋತ ಎಂದು ಹಂಗಿಸಿದ್ದಕ್ಕೆ ಬೇಸರವಾಯಿತು.

ಹೃದ್ರೋಗ ಉಳ್ಳವರ ಕಾಯಿಲೆ ಎಂಬ ನಂಬಿಕೆಯನ್ನೂ ಬೆಂಗಳೂರಿನ ಆ 1996ರ ಅಧ್ಯಯನ ಅಲುಗಿಸಿತ್ತು. ಆದಾಯ ಮತ್ತು ಓದು ಹೆಚ್ಚಿದ್ದವರಲ್ಲಿ ಹೃದಯಾಘಾತ ಕಡಿಮೆ ಕಂಡಿತ್ತು. ಅದು ಏಕೆ ಎಂದು ತಿಳಿಯಬೇಕಾದರೆ ಬೆಳಗಿನ ಐದು ಗಂಟೆಗೆ ಹೆಬ್ಬಾಳ ಮೇಲ್ಸೇತುವೆಯ ಹತ್ತಿರ ಬಂದು ನಿಲ್ಲಬೇಕು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಊರಿನ ಉತ್ತರದ ಬಾಗಿಲು ಇದೇ. ರಾತ್ರಿಯೆಲ್ಲ ಏರ್‌ಪೋರ್ಟ್ ಟ್ರಿಪ್ ಹೊಡೆದ ಕ್ಯಾಬ್ ಚಾಲಕರು ರಸ್ತೆ ಬದಿಯಲ್ಲಿ ಗಾಡಿ ಹಚ್ಚಿ ಸೈಕಲ್ ಟೀ ಸುತ್ತ ನಿಂತಿರುತ್ತಾರೆ. ಒಂದು ದಿನ ಪಕ್ಕದಲ್ಲಿ ನಿಂತವರ ಜೊತೆ ಮಾತಿಗಿಳಿದೆ. ಕೋಲಾರದ ಕಡೆಯವರು, ವಯಸ್ಸು ಮೂವತ್ತೆಂಟು. ದಿನಕ್ಕೆ ಹದಿನಾಲ್ಕು ಗಂಟೆ ಸೀಟಿನ ಮೇಲೆ. ನಿದ್ದೆ ಎರಡು ತುಂಡಾಗಿ, ಒಂದು ತುಂಡು ಕಾರಿನಲ್ಲೇ. ಊಟ ಸಿಕ್ಕಾಗ: ಮಧ್ಯಾಹ್ನ ಮೂರಕ್ಕೆ ಅನ್ನ ಸಾಂಬಾರು, ರಾತ್ರಿ ಹನ್ನೊಂದಕ್ಕೆ ಎಗ್ ರೈಸ್. ನಿದ್ದೆ ತಡೆಯೋಕೆ ಸಿಗರೇಟು. ಗಾಡಿ ಸಾಲದ ಕಂತು ಪ್ರತಿ ತಿಂಗಳು ಐದನೇ ತಾರೀಖು. ‘ಶುಗರ್ ನೋಡಿಸಿದ್ದೆ ಸಾರ್, ಖಾಲಿ ಹೊಟ್ಟೇಲಿ 112 ಬಂತು. ಬಾರ್ಡರ್, ಏನೂ ತೊಂದ್ರೆ ಇಲ್ಲ ಅಂದ್ರು’ ಎಂದರು. ಸೀಟ್ ಬೆಲ್ಟು ಹೊಟ್ಟೆಯ ಮೇಲೆ ಮೂಡಿಸಿದ ಗೆರೆ ಅವರ ಬಿಳಿ ಅಂಗಿಯ ಮೇಲೆ ಇನ್ನೂ ಇತ್ತು.

100ರಿಂದ 125ರವರೆಗಿನ ಆ ‘ಬಾರ್ಡರ್’ನಲ್ಲಿ ಅವರೊಬ್ಬರೇ ನಿಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಹೊಸ್ತಿಲು ಎಂದರೆ ಕಾಯಿಲೆ ಒಳಬರಲು ಇನ್ನೂ ಸಮಯವಿದೆ ಎಂದು ನಾವು ತಿಳಿಯುತ್ತೇವೆ. ಸಕ್ಕರೆ ಕಾಯಿಲೆಯ ಮಟ್ಟಿಗೆ ಅದು ಸರಿ. ಹೃದಯದ ರಕ್ತನಾಳದ ಮಟ್ಟಿಗೆ, ಬೆಂಗಳೂರಿನ ಅಧ್ಯಯನ ತೋರಿಸಿದಂತೆ, ಅದು ಆಗಲೇ ಒಳಗಿದೆ. ‘ಏನೂ ತೊಂದರೆ ಇಲ್ಲ’ ಎಂದು ಹೇಳಿ ಕಳಿಸುವ ಬದಲು, ಸಿಗರೇಟು ಸೇದುವ ಈ ಮನುಷ್ಯನ ಹೊಟ್ಟೆಗೆ ಅಲ್ಲಿ ಯಾರಾದರೂ ಒಂದು ಟೇಪು ಸುತ್ತಿದ್ದರೆ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಚಾಲಕರ ಮಾತು ಬಂದದ್ದರಿಂದ ಹಾಸನವನ್ನು ಬಿಡುವಂತಿಲ್ಲ. 2025ರ ಜೂನ್, ಜುಲೈನಲ್ಲಿ ಆ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅಸಹಜವಾದ ಏರಿಕೆ ಅದಕ್ಕೆ ಕಾಣಲಿಲ್ಲ. ಕಂಡದ್ದು ಹಳೆಯ ಪರಿಚಿತರೇ: ಹೊಗೆ, ಸಕ್ಕರೆ, ಬಿಪಿ, ಬೊಜ್ಜು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರು ಗಮನ ಸೆಳೆಯುವಷ್ಟಿದ್ದರು. ಜಯದೇವದಲ್ಲೇ ಡಾ. ರಾಹುಲ್ ಪಾಟೀಲ್ ಮತ್ತು ತಂಡ 2017ರಿಂದ, ನಲವತ್ತರೊಳಗೇ ಹೃದಯಾಘಾತವಾದವರನ್ನು ಪ್ರತ್ಯೇಕವಾಗಿ ದಾಖಲಿಸಿ ಅಧ್ಯಯನ ಮಾಡುತ್ತಾ ಬಂದಿದೆ. ಇಂಥ ದಾಖಲೆ ಕಟ್ಟುವುದು ಸದ್ದು ಮಾಡದ ಕೆಲಸ. ಆ ಸಾಲಿನಲ್ಲಿ ಗಾಬರಿಯಿಂದ ನಿಂತವರಿಗೆ ಮುಂದೊಂದು ದಿನ ಸರಿಯಾದ ಉತ್ತರ ಸಿಗುವುದಿದ್ದರೆ ಅದರಿಂದಲೇ.

ಊಟದ ವಿಷಯದಲ್ಲಿ ನಮ್ಮವರಿಗೆ ಎಣ್ಣೆ, ತುಪ್ಪದ ಮೇಲಿರುವ ಅನುಮಾನ ಅನ್ನದ ಮೇಲಿಲ್ಲ. ಭಾರತೀಯರ ಊಟದ ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ ಎಂದು ಮೇಲೆ ಹೇಳಿದ ದೇಶವ್ಯಾಪಿ ಸಮೀಕ್ಷೆಯ ಇನ್ನೊಂದು ಭಾಗ 2025ರಲ್ಲಿ ತೋರಿಸಿತು. ಲಿವರ್ ಟ್ರೈಗ್ಲಿಸರೈಡ್ ಕಟ್ಟುವುದು ತುಪ್ಪದಿಂದ ಮಾತ್ರವಲ್ಲ, ಮಿಕ್ಕ ಅನ್ನದಿಂದಲೂ. ಹೆಬ್ಬಾಳದವರಿಗೆ ರಾಗಿಯ ಮೇಲೆ ಅಭಿಮಾನ ಸಹಜ. ಪಕ್ಕದಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ರಾಗಿಯಲ್ಲಿ ನಾರು, ಸುಣ್ಣದಂಶ ಪಾಲಿಷ್ ಅಕ್ಕಿಗಿಂತ ಎಷ್ಟೋ ಹೆಚ್ಚು, ನಿಜ. ಆದರೂ ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಪಿಷ್ಟವೇ. ಹೊಲದಲ್ಲಿ ದುಡಿದು ಬಂದವನ ಮುದ್ದೆಯ ಗಾತ್ರವನ್ನು ಹಾಗೇ ಉಳಿಸಿಕೊಂಡು, ಪಕ್ಕದ ಸೊಪ್ಪಿನ ಸಾರು, ಹುರುಳಿ, ಅವರೆಕಾಳುಗಳನ್ನು ಸಣ್ಣದು ಮಾಡಿಕೊಂಡಿದ್ದೇವೆ. ಬದಲಾಗಬೇಕಾದದ್ದು ತಟ್ಟೆಯಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂಬುದು. ಮುದ್ದೆ ಬಿಡಬೇಕಾಗಿಲ್ಲ.

ಅಳತೆ ತೆಗೆಯುವವರಿಗೆ ಒಂದಿಷ್ಟು ಅಂಕಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಟ್ಟನಡುವೆ, ಉಸಿರು ಸಹಜವಾಗಿ ಬಿಟ್ಟು, ಟೇಪು ಬಿಗಿಯದೆ ಹಿಡಿಯಬೇಕು. ಮಿತಿ ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಇಂಚು; ಹೆಂಗಸರಿಗೆ 80, ಅಂದರೆ ಮೂವತ್ತೊಂದೂವರೆ. ಆ ಮಿತಿ ಮುಟ್ಟಿರುವುದರ ಜೊತೆಗೆ ಟ್ರೈಗ್ಲಿಸರೈಡ್ 150 ಮುಟ್ಟಿರುವುದು, ಒಳ್ಳೆಯ ಕೊಲೆಸ್ಟರಾಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿರುವುದು, ಬಿಪಿ 130/85 ಅಥವಾ ಮೇಲಿರುವುದು, ಖಾಲಿ ಹೊಟ್ಟೆಯ ಸಕ್ಕರೆ 100 ಮುಟ್ಟಿರುವುದು. ಈ ಐದರಲ್ಲಿ ಮೂರಿದ್ದರೆ ಮೆಟಬಾಲಿಕ್ ಸಿಂಡ್ರೋಮ್. ಒಂದೊಂದನ್ನೇ ನೋಡಿದರೆ ‘ಸ್ವಲ್ಪ ಜಾಸ್ತಿ’ ಎನಿಸುವ ಅಂಕಿಗಳು ಇವು. ಬೇರೆ ಬೇರೆ ಹಾಳೆಯಲ್ಲಿ ಬಂದಾಗ ಯಾವುದೂ ಹೆದರಿಸುವುದಿಲ್ಲ. ಐದನ್ನೂ ಒಂದೇ ಸಾಲಿನಲ್ಲಿ ಬರೆದು ವೈದ್ಯರ ಮುಂದಿಡಬೇಕು.

ನನಗೆ ಇದೆಲ್ಲ ಗೊತ್ತಾದದ್ದು ತಡವಾಗಿ, ಚಿಕ್ಕಪ್ಪನಿಂದ. ಚಿಕ್ಕಬಳ್ಳಾಪುರದ ಆಚೆಯ ಹಳ್ಳಿ. 2019ರ ಮಳೆಗಾಲ. ಆಗ ಅವರಿಗೆ ಐವತ್ತೊಂದು. ಸಂಜೆ ಎದೆ ನಡುವೆ ಭಾರ, ಎಡ ಭುಜದವರೆಗೆ ಸೆಳೆತ, ಮೈ ಬೆವರು. ‘ಗ್ಯಾಸ್ಟ್ರಿಕ್ಕು’ ಎಂದು ಸೋಡಾ ಕುಡಿದರು. ಚಿಕ್ಕಮ್ಮ ಜೀರಿಗೆ ಕುದಿಸಿ ಕೊಟ್ಟರು. ಹತ್ತು ಗಂಟೆಗೆ ಹತ್ತಿರದ ಊರಿನ ಒಂದು ಕ್ಲಿನಿಕ್ಕಿಗೆ ಹೋದರೆ ಅಲ್ಲಿ ಅಸಿಡಿಟಿಗೆ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು, ಇಸಿಜಿ ಮಾಡಲಿಲ್ಲ. ಮಧ್ಯರಾತ್ರಿ ದಾಟಿದ ಮೇಲೆ ಪಕ್ಕದ ಮನೆಯ ಹುಡುಗನ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಳ್ಳಾರಿ ರಸ್ತೆಯಲ್ಲಿ ಹೊರಟರು. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರದವರಿಗೆಲ್ಲ ಬೆಂಗಳೂರಿನ ದೊಡ್ಡ ಆಸ್ಪತ್ರೆ ಎಂದರೆ ಮೊದಲು ಸಿಗುವುದು ಹೆಬ್ಬಾಳವೇ. 1973ರಲ್ಲಿ ಇಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆ ಶುರುವಾದಾಗ ಸುತ್ತ ಹೊಲಗದ್ದೆ. ಈಗ ರಸ್ತೆಯ ಎರಡೂ ಬದಿ ಆಸ್ಪತ್ರೆಗಳ ಬೋರ್ಡುಗಳೇ. ನಾನು ಅವುಗಳಲ್ಲೊಂದರ ಗೇಟಿನಲ್ಲಿ ಕಾಯುತ್ತಿದ್ದೆ. ಕಾರು ಬಂದಾಗ ಒಂದು ಮುಕ್ಕಾಲು.

ಸ್ಟ್ರೆಚರ್ ತಳ್ಳಿಕೊಂಡೇ ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ನೋವು ಎಷ್ಟು ಗಂಟೆಗೆ ಶುರುವಾಯ್ತಮ್ಮ?’ ಚಿಕ್ಕಮ್ಮ ತಡವರಿಸಲಿಲ್ಲ. ‘ಎಂಟು ಗಂಟೆ ಸೀರಿಯಲ್ ಆಗ ತಾನೇ ಶುರುವಾಗಿತ್ತು ಸಾರ್’ ಎಂದರು. ಐದೂ ಮುಕ್ಕಾಲು ಗಂಟೆ. ಬಹಳ ದಿನಗಳ ಮೇಲೆ ನಾನು ‘ಕ್ರಿಯೇಟ್’ ಎಂಬ ದಾಖಲೆಯ ಬಗ್ಗೆ ಓದಿದೆ. ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಝೇವಿಯರ್, ಡಾ. ಪಾಯ್ಸ್ ಮತ್ತು ಇತರರು ದೇಶದ 50 ಊರುಗಳ 89 ಆಸ್ಪತ್ರೆಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದ್ದು ಅದು. ರಕ್ತನಾಳ ಪೂರ್ತಿ ಮುಚ್ಚಿಹೋಗುವ ತೀವ್ರ ಹೃದಯಾಘಾತದಲ್ಲಿ, ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಭಾರತೀಯರು ತೆಗೆದುಕೊಳ್ಳುವ ಮಧ್ಯಮ ಸಮಯ 360 ನಿಮಿಷ ಎಂದು ಅದರಲ್ಲಿತ್ತು. ಆರು ಗಂಟೆ. ಚಿಕ್ಕಪ್ಪ ದೇಶದ ಲೆಕ್ಕಕ್ಕೆ ಹದಿನೈದು ನಿಮಿಷ ಮುಂಚೆ ಬಂದಿದ್ದರು. ಬಡವರಲ್ಲಿ ತಿಂಗಳೊಳಗಿನ ಸಾವು ಉಳ್ಳವರಿಗಿಂತ ಹೆಚ್ಚು ಎಂದೂ ಅದರಲ್ಲಿತ್ತು: ನೂರಕ್ಕೆ 8.2, ಉಳ್ಳವರಲ್ಲಿ 5.5.

ಮುಚ್ಚಿದ ರಕ್ತನಾಳದ ಆಚೆ ಹೃದಯದ ಮಾಂಸ ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಸತ್ತದ್ದು ಮತ್ತೆ ಚಿಗುರುವುದಿಲ್ಲ. ಇಂದು ಚಿಕ್ಕಪ್ಪನಿಗೆ ಹಾಗಾಗಿದ್ದರೆ ಕಾರಿಗಾಗಿ ಕಾಯಬೇಕಿರಲಿಲ್ಲ ಎಂದುಕೊಳ್ಳುತ್ತೇನೆ. ನಲವತ್ತಾರನೇ ವಯಸ್ಸಿನಲ್ಲಿ, 2021ರ ಅಕ್ಟೋಬರ್ 29ರಂದು ನಮ್ಮನ್ನು ಅಗಲಿದ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ 2023ರಲ್ಲಿ ಹೃದಯಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಬೇಕಾದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುವುದು ಅದರ ಉದ್ದೇಶ. ಎದೆಯ ನಡುವೆ ಭಾರ, ಬೆವರು, ದವಡೆಗೋ ತೋಳಿಗೋ ಹರಡುವ ನೋವು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕೆಲವೊಮ್ಮೆ ಬರೀ ಸುಸ್ತು, ಉಸಿರಾಟದ ಕಷ್ಟ. ಇಷ್ಟಾದರೆ 108ಕ್ಕೆ ಕರೆ ಮಾಡಿ ಇಸಿಜಿ ಇರುವ ಕಡೆಗೆ ಹೋಗಬೇಕು. ಸೋಡಾ, ಜೀರಿಗೆ ನೀರು ಏನಿದ್ದರೂ ಹೃದಯದ ತೊಂದರೆಯಲ್ಲ ಎಂದು ವೈದ್ಯರು ಹೇಳಿದ ಮೇಲೆ.

ಚಿಕ್ಕಪ್ಪ ಉಳಿದರು. ಹೃದಯದ ಪಂಪಿಂಗ್ ಅರ್ಧಕ್ಕಿಂತ ಕೆಳಗೇ ಉಳಿಯಿತು. ಊರಿನ ಜಮೀನು ಗುತ್ತಿಗೆಗೆ ಕೊಟ್ಟು ನಮ್ಮ ಮನೆಗೆ ಹತ್ತಿರ ಬಂದಿದ್ದಾರೆ. ಬೆಳಿಗ್ಗೆ ಇಬ್ಬರೂ ಹೆಬ್ಬಾಳ ಕೆರೆಯ ಪಕ್ಕ ನಡೆಯಲು ಹೋಗುತ್ತೇವೆ. ಎರಡು ಮೂಟೆ ಗೊಬ್ಬರ ಒಟ್ಟಿಗೆ ಹೊರುತ್ತಿದ್ದವರು ಈಗ ಇನ್ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ, ಬೆಂಚಿನ ಮೇಲೆ ಕೈಯೂರಿ ನೀರಿನ ಕಡೆ ನೋಡುತ್ತಾರೆ. ಉಸಿರು ಸರಿಹೋಗುವವರೆಗೂ ನಾನು ಹಕ್ಕಿಗಳನ್ನು ನೋಡುವವನಂತೆ ಪಕ್ಕದಲ್ಲಿ ನಿಲ್ಲುತ್ತೇನೆ. ಆಮೇಲೆ ಅವರೇ ‘ನಡಿಯಪ್ಪ’ ಎನ್ನುತ್ತಾರೆ.